ನೊಣದ ಕತೆಯೂ ರಾಜಕುಮಾರಿಯ ಕಾಗದಗಳೂ

ಒಂಬತ್ತನೇ ತರಗತಿಗೆ ನಿರ್ದೇಶಾಂಕ ರೇಖಾಗಣಿತ ಶುರು ಮಾಡುವಾಗಲೆಲ್ಲ ನಾನು ಒಂದು ನೊಣದ ಕತೆ ಹೇಳುತ್ತಿದ್ದೆ. ಫ್ರಾನ್ಸಿನ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ಹಾಸಿಗೆಯಲ್ಲಿ ಮಲಗಿ, ಚಾವಣಿಯ ಮೇಲೆ ಹರಿದಾಡುವ ನೊಣವನ್ನು ನೋಡುತ್ತಿದ್ದನಂತೆ. ಎರಡು ಗೋಡೆಗಳಿಂದ ಅದೆಷ್ಟು ದೂರವಿದೆಯೆಂದು ಹೇಳಿದರೆ ಅದರ ಜಾಗ ಗೊತ್ತಾಗುತ್ತದಲ್ಲ ಎಂದು ಹೊಳೆಯಿತಂತೆ. ಮಕ್ಕಳು ನಗುತ್ತಿದ್ದರು, ನಾನು ಬೋರ್ಡಿನ ಮೇಲೆ ಎರಡು ಅಕ್ಷ ಎಳೆಯುತ್ತಿದ್ದೆ.

ನಿವೃತ್ತಳಾದ ಮೇಲೆ ಬಿಡುವಾಗಿ ಓದತೊಡಗಿದೆ. ಡೆಕಾರ್ಟ್ ಬರೆದುದರಲ್ಲಿ ಎಲ್ಲೂ ಆ ನೊಣವಿಲ್ಲ. ಇನ್ನೂ ಬೆರಗಿನ ಸಂಗತಿಯೆಂದರೆ, 1637ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಅವನ ರೇಖಾಗಣಿತದ ಪುಸ್ತಕದಲ್ಲಿ ನಾವು ಎಳೆಯುವ ಎರಡು ಅಕ್ಷಗಳೂ ಇಲ್ಲ! ಒಂದು ಗೆರೆಯನ್ನು ಆಧಾರವಾಗಿಟ್ಟುಕೊಂಡು, ಅದರಿಂದ ಬೇಕಾದ ಕೋನದಲ್ಲಿ ದೂರ ಅಳೆಯುತ್ತಾನೆ. ಋಣಸಂಖ್ಯೆಗಳ ಕಡೆಗೆ, ಅಂದರೆ ಮೂಲಬಿಂದುವಿನ ಎಡಕ್ಕೂ ಕೆಳಕ್ಕೂ, ಹೋಗುವುದೇ ಇಲ್ಲ. ಅದೇ ಹೊತ್ತಿಗೆ ತುಲೂಸಿನ ನ್ಯಾಯಾಧಿಕಾರಿ ಪಿಯರ್ ಫರ್ಮಾ ಇದೇ ವಿಚಾರವನ್ನು ಸ್ವತಂತ್ರವಾಗಿ ಬರೆದಿಟ್ಟಿದ್ದ. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1679ರಲ್ಲಿ. ಹಾಗಾಗಿ ಹೆಸರು ಡೆಕಾರ್ಟ್‌ನದಾಯಿತು.

ಜಾಗವನ್ನು ಎರಡು ಸಂಖ್ಯೆಗಳಲ್ಲಿ ಹೇಳುವುದು ಅಂಥ ದೊಡ್ಡ ವಿಷಯವಲ್ಲ. ಚುಕ್ಕಿ ರಂಗೋಲಿ ಹಾಕುವವರು 'ಮೂರನೇ ಸಾಲು, ಐದನೇ ಚುಕ್ಕಿ' ಎಂದು ಹೇಳುತ್ತಲೇ ಇರುತ್ತಾರೆ. ಹೊಸತೆಂದರೆ ಆಕಾರವನ್ನೇ ಸಮೀಕರಣವಾಗಿ ಬರೆಯುವುದು. ಮೂಲಬಿಂದುವಿನಿಂದ ಬಲಕ್ಕೆ 3, ಮೇಲಕ್ಕೆ 4 ಹೋದರೆ ಸಿಗುವ ಬಿಂದು 5 ದೂರದಲ್ಲಿರುತ್ತದೆ, ಏಕೆಂದರೆ 9 ಮತ್ತು 16 ಕೂಡಿದರೆ 25. ಹೀಗೆ ಎರಡು ವರ್ಗಗಳ ಮೊತ್ತ 25 ಆಗುವ ಬಿಂದುಗಳನ್ನೆಲ್ಲ ಗುರುತಿಸಿ ನೋಡಿ, ಕೈವಾರವಿಲ್ಲದೆ ವೃತ್ತ ಮೂಡುತ್ತದೆ.

ಆ ಕಷ್ಟದ ಪುಸ್ತಕವನ್ನು ಓದುವಂತೆ ಮಾಡಿದವನು ಲೈಡನ್ನಿನ ಪ್ರಾಧ್ಯಾಪಕ ಫ್ರಾನ್ಸ್ ವಾನ್ ಸ್ಕೂಟೆನ್. 1649ರಲ್ಲಿ ಲ್ಯಾಟಿನ್‌ಗೆ ಅನುವಾದಿಸಿ ಟಿಪ್ಪಣಿ ಸೇರಿಸಿದ. ನ್ಯೂಟನ್ ಓದಿದ್ದು ಆ ಲ್ಯಾಟಿನ್ ಪುಸ್ತಕವನ್ನೇ. ಇಷ್ಟೆಲ್ಲ ಪಠ್ಯಪುಸ್ತಕದ ಅಂಚಿನಲ್ಲಾದರೂ ಸಿಗುತ್ತದೆ. ನನಗೆ ಎಲ್ಲೂ ಸಿಗದಿದ್ದ ಹೆಸರು ಎಲಿಸಬೆತ್.

ಎಲಿಸಬೆತ್ ಬೊಹೀಮಿಯಾದ ರಾಜಕುಮಾರಿ, ಹುಟ್ಟಿದ್ದು 1618ರಲ್ಲಿ. ತಂದೆ ಗದ್ದುಗೆ ಕಳೆದುಕೊಂಡದ್ದರಿಂದ ಕುಟುಂಬ ಹಾಲೆಂಡಿನ ಹೇಗ್ ನಗರದಲ್ಲಿ ಆಶ್ರಯ ಪಡೆದಿತ್ತು. 1643ರ ಮೇ ತಿಂಗಳಲ್ಲಿ ಅವಳೇ ಡೆಕಾರ್ಟ್‌ಗೆ ಕಾಗದ ಬರೆದು, ದೇಹವಿಲ್ಲದ ಆತ್ಮ ದೇಹವನ್ನು ಹೇಗೆ ಚಲಿಸುವಂತೆ ಮಾಡುತ್ತದೆ ಎಂದು ಕೇಳಿದಳು. ಈ ಪ್ರಶ್ನೆಗೆ ಅವನು ಕೊನೆಗೂ ಸರಿಯಾದ ಉತ್ತರ ಕೊಡಲಿಲ್ಲ ಎಂದೇ ನನ್ನ ಅಭಿಪ್ರಾಯ. ಅದೇ ವರ್ಷ ಅವನು ಅವಳಿಗೊಂದು ಹಳೆಯ ಗ್ರೀಕ್ ಲೆಕ್ಕ ಕೊಟ್ಟ: ಮೂರು ವೃತ್ತಗಳಿವೆ, ಮೂರನ್ನೂ ಮುಟ್ಟುವ ನಾಲ್ಕನೆಯ ವೃತ್ತವನ್ನು ಕಂಡುಹಿಡಿಯಬೇಕು. ಕೊಟ್ಟ ಮೇಲೆ ಇದು ತೀರಾ ಕಷ್ಟವಾಯಿತೇನೋ ಎಂದು ಅವನಿಗೇ ಅಳುಕು. ನವೆಂಬರಿನಲ್ಲಿ ತನ್ನ ವಿಧಾನವನ್ನು ವಿವರಿಸಿ ಬರೆದ. ಸಮರೂಪ ತ್ರಿಭುಜಗಳು ಮತ್ತು ಪೈಥಾಗೊರಸನ ಪ್ರಮೇಯ, ಇವೆರಡೇ ಸಾಕು. ಬೇಕಾದಷ್ಟು ಅವ್ಯಕ್ತಗಳನ್ನು ಇಟ್ಟುಕೊಳ್ಳಲು ಹೆದರಬೇಡ ಎಂಬುದು ಅದರ ಸಾರ. ಆದರೆ ಅಷ್ಟರಲ್ಲಿ ಅವಳು ಒಂದೇ ಅವ್ಯಕ್ತ ಇಟ್ಟುಕೊಂಡು ತನ್ನದೇ ದಾರಿ ಹಿಡಿದು ಬಿಡಿಸಿಯಾಗಿತ್ತು. ಅದನ್ನು ನೋಡಿ ಡೆಕಾರ್ಟ್ ಮೆಚ್ಚಿಕೊಂಡು ಉತ್ತರ ಬರೆದ. ಮರುವರ್ಷ ತನ್ನ ತತ್ತ್ವಶಾಸ್ತ್ರದ ಗ್ರಂಥವನ್ನು ಅವಳಿಗೇ ಅರ್ಪಿಸಿ, ತನ್ನ ಗಣಿತ ಮತ್ತು ತತ್ತ್ವ ಎರಡನ್ನೂ ಪೂರ್ತಿ ಗ್ರಹಿಸಿದವಳು ಈಕೆಯೊಬ್ಬಳೇ ಎಂಬರ್ಥದ ಮಾತು ಬರೆದ.

1650ರಲ್ಲಿ ಡೆಕಾರ್ಟ್ ತೀರಿಕೊಂಡಾಗ ಅವಳ ಕಾಗದಗಳನ್ನು ಪ್ರಕಟಿಸಲು ಅವನ ಗೆಳೆಯ ಅನುಮತಿ ಕೇಳಿದ. ಎಲಿಸಬೆತ್ ಒಪ್ಪದೆ ವಾಪಸು ತರಿಸಿಕೊಂಡಳು. ಯಾಕಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಮದುವೆಯಾಗಲಿಲ್ಲ; ಮುಂದೆ ಜರ್ಮನಿಯ ಹೆರ್ಫೋರ್ಡ್ ಮಠದ ಮುಖ್ಯಸ್ಥೆಯಾಗಿ 1680ರಲ್ಲಿ ತೀರಿಕೊಂಡಳು. ಕಾಗದಗಳು ಪುಸ್ತಕವಾಗಿ ಹೊರಬಂದದ್ದು 1879ರಲ್ಲಿ. ಮೂರು ವೃತ್ತಗಳ ಲೆಕ್ಕವನ್ನು ಅವಳು ಬಿಡಿಸಿದ ಹಾಳೆ ಮಾತ್ರ ಸಿಕ್ಕಿಲ್ಲ.

ಈಗ ನಮ್ಮ ಸೊಸೈಟಿಯ ಹುಡುಗಿಯೊಬ್ಬಳು ಭಾನುವಾರ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾಳೆ. ಹೋದ ವಾರ ಗ್ರಾಫ್ ಹಾಳೆ ತಂದಿದ್ದಳು. ನೊಣದ ಕತೆ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹಾಳೆಯ ಮೇಲೆ ಮೂರು ವೃತ್ತ ಬರೆದುಕೊಟ್ಟೆ.