ಮಗುವಿನ ಪರ ನಿಂತೆವು ಸರಿ, ಮಗುವಿಗೆ ಏನಾಯಿತು? ಸ್ವಯಂಸೇವೆಯನ್ನು ಅಳೆಯುವ ಕಷ್ಟದ ಕೆಲಸ

ಕೆಲವು ವರ್ಷಗಳ ಹಿಂದೆ ಮಕ್ಕಳ ಹಕ್ಕುಗಳ ಸಂಸ್ಥೆಯೊಂದರಲ್ಲಿ ನಾನು ಸ್ವಯಂಸೇವಕಿಯಾಗಿದ್ದೆ. ವರ್ಷದ ಕೊನೆಗೆ ದಾನಿಗಳಿಗೆ ಕಳಿಸುವ ವರದಿ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ಎಷ್ಟು ಮಕ್ಕಳನ್ನು 'ತಲುಪಿದೆವು', ಎಷ್ಟು ತರಬೇತಿ ನಡೆಸಿದೆವು, ಎಷ್ಟು ಭೇಟಿ, ಎಷ್ಟು ಗಂಟೆ ದುಡಿಮೆ ಎಲ್ಲವೂ ಎಕ್ಸೆಲ್ ಶೀಟ್‌ನಲ್ಲಿತ್ತು. ಒಂದು ಕಾಲಂ ಮಾತ್ರ ಇರಲಿಲ್ಲ: ಆ ಮಕ್ಕಳಿಗೆ ಕೊನೆಗೆ ಏನಾಯಿತು? ಹಿರಿಯರೊಬ್ಬರನ್ನು ಕೇಳಿದೆ. "ಒಳ್ಳೇ ಕೆಲಸಾನ ಯಾಕಮ್ಮ ತಕ್ಕಡೀಲಿ ಹಾಕ್ತೀಯ?" ಅಂದರು. ನಾನೂ ಸುಮ್ಮನಾದೆ. ವರದಿ ಚೆನ್ನಾಗಿಯೇ ಬಂತು, ಫೋಟೋಗಳ ಸಮೇತ.

ಆ ಸುಮ್ಮನಾಗಿದ್ದು ಇವತ್ತಿಗೂ ಚುಚ್ಚುತ್ತೆ. ಮಕ್ಕಳ ಪರ ಕೆಲಸ ಮಾಡುವವರ ಉದ್ದೇಶವನ್ನು ಅನುಮಾನಿಸಬೇಕು ಅಂತಲ್ಲ. ಆದರೆ ಉದ್ದೇಶ ಒಳ್ಳೆಯದಿದ್ದರೆ ಪರಿಣಾಮವೂ ಒಳ್ಳೆಯದೇ ಆಗಿರುತ್ತೆ ಅಂತ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ಈ ಪ್ರಶ್ನೆಯನ್ನು ಹಲವು ದಶಕಗಳಿಂದ ಕೇಳಿಕೊಂಡು, ಉತ್ತರ ಬಂದಾಗ ಬೆಚ್ಚಿಬಿದ್ದ ಒಂದು ದೊಡ್ಡ ಕಾರ್ಯಕ್ರಮ ಅಮೆರಿಕದಲ್ಲಿದೆ. ಹೆಸರು 'ಕಾಸಾ'. ಅದರ ಕಥೆಯಲ್ಲಿ ನಮಗೂ ಪಾಠಗಳಿವೆ.

ಏನಿದು ಕಾಸಾ?

ಕೋರ್ಟ್ ಅಪಾಯಿಂಟೆಡ್ ಸ್ಪೆಷಲ್ ಅಡ್ವೊಕೇಟ್, ಅಂದರೆ ನ್ಯಾಯಾಲಯ ನೇಮಿಸುವ ಮಗುವಿನ ವಿಶೇಷ ಪ್ರತಿನಿಧಿ. ಇವರು ವಕೀಲರಾಗಿರಬೇಕಿಲ್ಲ. ನಿವೃತ್ತ ಮೇಷ್ಟ್ರು, ಬ್ಯಾಂಕ್ ಉದ್ಯೋಗಿ, ಗೃಹಿಣಿ, ಹೀಗೆ ಯಾರಾದರೂ ಆಗಬಹುದು.

ಹಿನ್ನೆಲೆ ಇಷ್ಟು. ಹಿಂಸೆ ಅಥವಾ ನಿರ್ಲಕ್ಷ್ಯದ ದೂರು ಬಂದಾಗ ಅಮೆರಿಕದಲ್ಲಿ ಸರ್ಕಾರ ಮಗುವನ್ನು ಮನೆಯಿಂದ ತೆಗೆದು ಫಾಸ್ಟರ್ ಕೇರ್‌ಗೆ, ಅಂದರೆ ಬದಲಿ ಪೋಷಕರ ಮನೆಗೋ ಸಂಸ್ಥೆಗೋ ಕಳಿಸಬಹುದು. ಮುಂದೇನು ಅನ್ನೋದನ್ನು ನ್ಯಾಯಾಧೀಶರು ನಿರ್ಧರಿಸುತ್ತಾರೆ. ಇಂಥ ಪ್ರಕರಣಗಳಲ್ಲಿ ಮಗುವಿಗೆ ತನ್ನದೇ ಪ್ರತಿನಿಧಿ ಇರಬೇಕು, ರಾಜ್ಯಗಳು ಕೇಂದ್ರದ ಅನುದಾನ ಪಡೆಯಲು ಇದು ಷರತ್ತು ಅಂತ 1974ರ ಕಾನೂನು ಹೇಳಿತು. ಆದರೆ ಅಷ್ಟೊಂದು ಜನರನ್ನು ತರೋದು ಎಲ್ಲಿಂದ? ಸಿಯಾಟಲ್‌ನ ನ್ಯಾಯಾಧೀಶ ಡೇವಿಡ್ ಸೌಕಪ್ ಊರಿನ ಸಾಮಾನ್ಯ ಜನರನ್ನೇ ಕರೆದರು. 1977ರಲ್ಲಿ ಅಲ್ಲಿ ಕಾರ್ಯಕ್ರಮ ಶುರುವಾಯಿತು. 1990ರ ಕಾನೂನಿನ ಮೂಲಕ ಅಮೆರಿಕದ ಸಂಸತ್ತೂ ಬೆನ್ನಿಗೆ ನಿಂತಿತು. ಇವತ್ತು 49 ರಾಜ್ಯಗಳಲ್ಲಿ 900ಕ್ಕೂ ಹೆಚ್ಚು ಕಾರ್ಯಕ್ರಮಗಳ ಜಾಲ ಇದು.

ಸ್ವಯಂಸೇವಕರಿಗೆ ಸುಮಾರು 30 ಗಂಟೆಯ ತರಬೇತಿ ಇರುತ್ತೆ. ಆಮೇಲೆ ಅವರು ಮಗುವನ್ನು, ಹೆತ್ತವರನ್ನು, ಟೀಚರ್‌ಗಳನ್ನು, ಡಾಕ್ಟರನ್ನು ಭೇಟಿ ಮಾಡ್ತಾರೆ, ಕಡತ ಓದ್ತಾರೆ, 'ಮಗುವಿನ ಹಿತಕ್ಕೆ ಇದು ಒಳ್ಳೆಯದು' ಅಂತ ನ್ಯಾಯಾಧೀಶರಿಗೆ ವರದಿ ಕೊಡ್ತಾರೆ. ಸರ್ಕಾರಿ ಸಮಾಜ ಕಾರ್ಯಕರ್ತರ ತಲೆ ಮೇಲೆ ಹತ್ತಾರು ಕಡತಗಳಿದ್ದರೆ, ಇವರ ಕೈಯಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಪ್ರಕರಣ. ಸಮಯ ಕೊಡಬಲ್ಲರು ಅನ್ನೋದೇ ಅವರ ದೊಡ್ಡ ಶಕ್ತಿ.

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಚೆನ್ನಾಗಿರೋದರಿಂದಲೇ ಫಲಿತಾಂಶ ಕೇಳೋದು ಮರೆತುಹೋಗೋದು ಸುಲಭ.

ಎಣಿಸೋದು ಬೇರೆ, ಅಳೆಯೋದು ಬೇರೆ

ಅನ್ನಸಂತರ್ಪಣೆಯ ಉದಾಹರಣೆ ತಗೊಳ್ಳಿ. ಎಷ್ಟು ಮೂಟೆ ಅಕ್ಕಿ ಬೇಯಿಸಿದೆವು ಅನ್ನೋದು ಹೂಡಿಕೆಯ ಲೆಕ್ಕ. ಎಷ್ಟು ಎಲೆ ಹಾಕಿದೆವು ಅನ್ನೋದು ಕೆಲಸದ ಲೆಕ್ಕ. ಉಂಡವರ ಹಸಿವು ನೀಗಿತಾ ಅನ್ನೋದು ಫಲಿತಾಂಶ. ಇದಕ್ಕೂ ಆಚೆ ನಾಲ್ಕನೇ ಪ್ರಶ್ನೆ ಒಂದಿದೆ: ನಾವು ಊಟ ಹಾಕದೇ ಇದ್ದಿದ್ದರೆ ಅವರು ಉಪವಾಸ ಇರ್ತಿದ್ದರಾ, ಇಲ್ಲಾ ಮನೆಯಲ್ಲೇ ಉಣ್ತಿದ್ದರಾ? ಈ ನಾಲ್ಕನೆಯದೇ ಪರಿಣಾಮ. ಇದಕ್ಕೆ ಉತ್ತರ ಬೇಕು ಅಂದರೆ ನಮ್ಮ ಊಟ ಸಿಗದವರನ್ನೂ ನೋಡಬೇಕು. ಹೋಲಿಕೆ ಇಲ್ಲದೆ ಪುರಾವೆ ಇಲ್ಲ.

ಹೆಚ್ಚಿನ ಸಂಸ್ಥೆಗಳ ವರದಿ ಎರಡನೇ ಹಂತಕ್ಕೇ ನಿಂತುಬಿಡುತ್ತೆ. ನನ್ನ ವರದಿಯೂ ಅಷ್ಟೇ.

ಅಧ್ಯಯನಗಳು ಏನು ಹೇಳಿದವು?

2004ರಲ್ಲಿ ಕಾಸಾದ ರಾಷ್ಟ್ರೀಯ ಸಂಸ್ಥೆಗಾಗಿ ಕ್ಯಾಲಿಬರ್ ಅಸೋಸಿಯೇಟ್ಸ್ ಅನ್ನೋ ಸಂಶೋಧನಾ ಕಂಪನಿ ಒಂದು ಮೌಲ್ಯಮಾಪನ ಮಾಡಿತು. ಕಾಸಾ ಇರುವ ಮಕ್ಕಳಿಗೂ ಅವರ ಹೆತ್ತವರಿಗೂ ಹೆಚ್ಚು ಸೇವೆಗಳು ಸಿಕ್ಕಿದ್ದವು. ಇದು ಒಳ್ಳೆ ಸುದ್ದಿ. ಆದರೆ ಆ ಮಕ್ಕಳು ಮನೆಯಿಂದ ಹೊರಗೆ ಇರುವ ಸಾಧ್ಯತೆಯೂ ಹೆಚ್ಚಿತ್ತು. ಇನ್ನೊಂದು ಅಂಶ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ: ಕಪ್ಪು ಮಕ್ಕಳ ಪ್ರಕರಣಗಳಿಗೆ ಸ್ವಯಂಸೇವಕರು ಕೊಟ್ಟ ಸಮಯ ಕಡಿಮೆಯಿತ್ತು. ನೋಡಿ, 'ಒಟ್ಟು ಇಷ್ಟು ಗಂಟೆ ಸೇವೆ' ಅಂತ ಒಂದೇ ಅಂಕಿ ಬರೆದಿದ್ದರೆ ಈ ತಾರತಮ್ಯ ಯಾವತ್ತೂ ಕಾಣ್ತಿರಲಿಲ್ಲ. ಯಾವ ಮಗುವಿಗೆ ಎಷ್ಟು ಗಂಟೆ ಅಂತ ಬಿಡಿಸಿ ನೋಡಿದಾಗಲಷ್ಟೇ ಕಂಡಿತು.

2006ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸೂಚನೆಯಂತೆ ಅಮೆರಿಕದ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಕಾಸಾದ ಲೆಕ್ಕಪರಿಶೋಧನಾ ವರದಿ ಕೊಟ್ಟಿತು. ಕಾಸಾ ಇದ್ದ ಪ್ರಕರಣ ಒಮ್ಮೆ ಮುಗಿದರೆ ಮಗು ಮತ್ತೆ ವ್ಯವಸ್ಥೆಯೊಳಗೆ ಬರುವ ಸಾಧ್ಯತೆ ಕಡಿಮೆ ಅಂತ ಅದು ಗುರುತಿಸಿತು. ಜೊತೆಗೇ, ಆ ಮಕ್ಕಳು ಹೆತ್ತವರ ಮನೆಗೆ ವಾಪಸಾಗುವುದು ಕಡಿಮೆ, ದತ್ತು ಹೋಗುವುದು ಹೆಚ್ಚು ಅಂತಲೂ ಹೇಳಿತು.

ನಂತರ ಬಂದದ್ದು ಟೆಕ್ಸಾಸ್. ಟೆಕ್ಸಾಸ್ ವಿಶ್ವವಿದ್ಯಾಲಯದ ಸಿಂಥಿಯಾ ಓಸ್‌ಬೋರ್ನ್ ಮತ್ತು ಸಂಗಡಿಗರು ಆ ರಾಜ್ಯದ ಸರ್ಕಾರಿ ದಾಖಲೆಗಳನ್ನು ಬಳಸಿ ಕಾಸಾ ಇದ್ದ ಮಕ್ಕಳನ್ನೂ ಇಲ್ಲದ ಮಕ್ಕಳನ್ನೂ ಹೋಲಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಇದು: ಕಾಸಾ ಇದ್ದ ಮಕ್ಕಳಿಗೆ ಶಾಶ್ವತ ಮನೆ ಸಿಗುವ ಸಾಧ್ಯತೆ ಒಟ್ಟಾರೆ ಕಡಿಮೆ. ಹೆತ್ತವರ ಬಳಿ ಮರಳುವ ಸಾಧ್ಯತೆ ಕಡಿಮೆ. ಮರಳದವರಲ್ಲಿ ದತ್ತು ಹೋಗುವ ಸಾಧ್ಯತೆ ಮಾತ್ರ ಹೆಚ್ಚು.

ಹಾಗಾದರೆ ಕಾಸಾ ಸೋತಿತು ಅಂತಾನಾ?

ಇಲ್ಲಿ ಆತುರ ಬೇಡ. ದೊಡ್ಡಾಸ್ಪತ್ರೆಯಲ್ಲಿ ಸಾಯುವವರ ಸಂಖ್ಯೆ ಬೀದಿ ಕ್ಲಿನಿಕ್‌ಗಿಂತ ಜಾಸ್ತಿ. ಹಾಗಂತ ದೊಡ್ಡಾಸ್ಪತ್ರೆಗೆ ಹೋದ್ರೆ ಸಾಯ್ತಾರೆ ಅನ್ನೋಕಾಗಲ್ಲ, ಕೈಮೀರಿದ ಕೇಸ್‌ಗಳೇ ಅಲ್ಲಿಗೆ ಹೋಗ್ತವೆ. ಕಾಸಾದಲ್ಲೂ ಅದೇ ಸಮಸ್ಯೆ. ಸ್ವಯಂಸೇವಕರ ಸಂಖ್ಯೆ ಸೀಮಿತ, ಹಾಗಾಗಿ ನ್ಯಾಯಾಧೀಶರು ತೀರಾ ಜಟಿಲವಾದ ಪ್ರಕರಣಗಳಿಗೇ ಅವರನ್ನು ನೇಮಿಸುವುದು ಹೆಚ್ಚು. ಆ ಮಕ್ಕಳ ಫಲಿತಾಂಶ ಕೆಟ್ಟದಾಗಿ ಕಂಡರೆ ಕಾರಣ ಕಾಸಾನಾ, ಪ್ರಕರಣದ ಜಟಿಲತೆಯಾ? ಸಂಶೋಧಕರು ಇದಕ್ಕೆ ಆಯ್ಕೆಯ ಪಕ್ಷಪಾತ ಅಂತಾರೆ. ವಯಸ್ಸು, ಹಿಂಸೆಯ ಬಗೆ, ಹಿಂದಿನ ದೂರುಗಳು, ಇವನ್ನೆಲ್ಲ ಲೆಕ್ಕಕ್ಕೆ ತಗೊಂಡು ಅಂಕಿಅಂಶ ಸರಿದೂಗಿಸಬಹುದು. ಆದರೆ ನ್ಯಾಯಾಧೀಶರ ಕಣ್ಣಿಗೆ ಬಿದ್ದು ಕಡತದಲ್ಲಿ ದಾಖಲಾಗದೇ ಉಳಿದದ್ದನ್ನು ಯಾವ ಸೂತ್ರವೂ ಸರಿದೂಗಿಸಲ್ಲ.

ಇದಕ್ಕೆ ಗಟ್ಟಿ ಪರಿಹಾರ ಲಾಟರಿ. ಯಾರಿಗೆ ಸ್ವಯಂಸೇವಕರು ಸಿಗ್ತಾರೆ ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿದರೆ ಎರಡೂ ಗುಂಪುಗಳು ಶುರುವಿನಲ್ಲಿ ಒಂದೇ ಥರ ಇರುತ್ತವೆ. ಆಮೇಲೆ ಕಾಣುವ ವ್ಯತ್ಯಾಸಕ್ಕೆ ಕಾರ್ಯಕ್ರಮವೇ ಕಾರಣ ಅನ್ನಬಹುದು. "ಮಕ್ಕಳ ಜೊತೆ ಚೀಟಿ ಆಟವಾ?" ಅಂತ ಸಿಟ್ಟು ಬರುವುದು ಸಹಜ. ನನಗೂ ಬಂದಿತ್ತು. ಆದರೆ ಎಲ್ಲರಿಗೂ ಸಾಕಾಗುವಷ್ಟು ಸ್ವಯಂಸೇವಕರು ಇಲ್ಲ ಅಂದಾಗ ಕೆಲವು ಮಕ್ಕಳನ್ನು ಹೇಗೂ ಬಿಟ್ಟೇ ಬಿಡ್ತಿದ್ದೀವಿ. ಸಮಾನ ಅಗತ್ಯ ಇರುವ ಮಕ್ಕಳ ನಡುವೆ ಆರಿಸುವಾಗ ಚೀಟಿ ಪ್ರಭಾವಕ್ಕಿಂತ, ಪರಿಚಯಕ್ಕಿಂತ ನ್ಯಾಯವಾದದ್ದು.

ಇದು ಬರೀ ಸಿದ್ಧಾಂತ ಅಲ್ಲ. ಮಕ್ಕಳಿಗೆ ಹಿರಿಯ ಗೆಳೆಯರನ್ನು ಜೊತೆ ಮಾಡುವ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಅನ್ನೋ ಇನ್ನೊಂದು ಅಮೆರಿಕನ್ ಸ್ವಯಂಸೇವಾ ಕಾರ್ಯಕ್ರಮ ಇದನ್ನೇ ಮಾಡಿತು. 10ರಿಂದ 16 ವರ್ಷದ 959 ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ತಕ್ಷಣ ಜೋಡಿ, ಉಳಿದವರು 18 ತಿಂಗಳ ಕಾಯುವ ಪಟ್ಟಿಗೆ. 1995ರಲ್ಲಿ ಬಂದ ವರದಿ ಪ್ರಕಾರ ಜೋಡಿ ಸಿಕ್ಕ ಮಕ್ಕಳು ಮಾದಕ ವಸ್ತು ಶುರು ಮಾಡುವ ಸಾಧ್ಯತೆ 46% ಕಡಿಮೆಯಾಗಿತ್ತು. ಪರೀಕ್ಷೆಗೆ ಒಡ್ಡಿಕೊಂಡ ಸಂಸ್ಥೆಗೆ ಕೊನೆಗೆ ಹೇಳಿಕೊಳ್ಳಲು ಗಟ್ಟಿಯಾದ ಒಂದು ಮಾತು ಸಿಕ್ಕಿತು.

ಯಾವುದು 'ಒಳ್ಳೆಯ' ಫಲಿತಾಂಶ? ಇದು ರಾಜಕೀಯ ಪ್ರಶ್ನೆ

ಇಲ್ಲಿವರೆಗೆ ಲೆಕ್ಕದ ಮಾತಾಯಿತು. ಆದರೆ ಏನನ್ನು ಅಳೆಯಬೇಕು ಅಂತ ನಿರ್ಧರಿಸುವವರು ಯಾರು? ಮಗು ದತ್ತು ಹೋದರೆ ಗೆಲುವಾ, ಅಮ್ಮನ ಬಳಿ ಮರಳಿದರೆ ಗೆಲುವಾ?

ಅಮೆರಿಕದ 1997ರ ಒಂದು ಕಾನೂನಿನ ಪ್ರಕಾರ ಮಗು 22 ತಿಂಗಳಲ್ಲಿ 15 ತಿಂಗಳು ಫಾಸ್ಟರ್ ಕೇರ್‌ನಲ್ಲಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕು ರದ್ದುಪಡಿಸಲು ಸರ್ಕಾರ ಅರ್ಜಿ ಹಾಕಬೇಕು. ಈ ಗಡಿಯಾರದ ಕೆಳಗೆ ಸಿಕ್ಕಿಬೀಳುವವರು ಹೆಚ್ಚಾಗಿ ಬಡವರು, ಅದರಲ್ಲೂ ಕಪ್ಪು ಮತ್ತು ಮೂಲನಿವಾಸಿ ಕುಟುಂಬಗಳು. ಅವರ ಮನೆ ನೋಡಿ ವರದಿ ಬರೆಯುವ ಸ್ವಯಂಸೇವಕರು ಹೆಚ್ಚಾಗಿ ಬಿಳಿಯ ಮಹಿಳೆಯರು. ಬಿಡುವಿನ ಸಮಯ, ಓಡಾಡಲು ಕಾರು ಇದ್ದವರಿಗೇ ಈ ಸೇವೆ ಸುಲಭ. ಬಡತನವನ್ನೇ ನಿರ್ಲಕ್ಷ್ಯ ಅಂತ ಓದಿಕೊಳ್ಳುವ ಅಪಾಯ ಇಲ್ಲಿದೆ. ಆಮಿ ಮಲ್ಜರ್ ಮತ್ತು ತಾರಾ ಅರ್ಸ್ ಅನ್ನೋ ಇಬ್ಬರು ವಕೀಲೆಯರು 2016ರ ತಮ್ಮ ಲೇಖನದಲ್ಲಿ ಇದನ್ನೇ ಎತ್ತಿದರು: ಎಷ್ಟೇ ಸದುದ್ದೇಶ ಇದ್ದರೂ ಈ ವ್ಯವಸ್ಥೆ ವರ್ಣಭೇದದ ರಚನೆಯನ್ನೇ ಗಟ್ಟಿ ಮಾಡಬಹುದು.

ಈ ಬೆಳಕಲ್ಲಿ ನೋಡಿದರೆ ಕೆಲವು ಜನಪ್ರಿಯ ಅಳತೆಗಳ ಬಣ್ಣ ಬಯಲಾಗುತ್ತೆ. 'ನಮ್ಮ ಶಿಫಾರಸುಗಳನ್ನು ನ್ಯಾಯಾಧೀಶರು ಹೆಚ್ಚಿನ ಸಲ ಒಪ್ಪಿಕೊಳ್ತಾರೆ' ಅನ್ನೋದು ಅಂಥದ್ದೊಂದು. ಅದು ಸ್ವಯಂಸೇವಕರ ಮಾತಿಗೆ ಎಷ್ಟು ತೂಕ ಇದೆ ಅಂತ ತೋರಿಸುತ್ತೆ ಅಷ್ಟೇ, ಶಿಫಾರಸು ಸರಿಯಿತ್ತಾ ಅಂತ ಅಲ್ಲ. ಮಾತಿಗೆ ತೂಕ ಹೆಚ್ಚಿದ್ದಷ್ಟೂ ತಪ್ಪಿನ ಬೆಲೆಯೂ ಹೆಚ್ಚು. ಆ ಬೆಲೆ ತೆರುವುದು ಮಗು ಮತ್ತು ಅದರ ತಾಯಿ. ಅಳತೆಗೋಲು ತಯಾರಿಸುವ ಮೇಜಿನ ಸುತ್ತ ಅವರಿಬ್ಬರಿಗೂ ಕುರ್ಚಿ ಇರಬೇಕು.

ಇದರಲ್ಲಿ ನಮಗೇನಿದೆ?

ನಮ್ಮಲ್ಲಿ ಕಾಸಾ ಇಲ್ಲ. ಆದರೆ ಮಗುವಿನ ಜೊತೆ ನ್ಯಾಯಾಲಯದವರೆಗೂ ನಡೆಯುವ ಒಬ್ಬ ವ್ಯಕ್ತಿ ನಮ್ಮ ಕಾನೂನಿನಲ್ಲೂ ಇದ್ದಾರೆ. ಪೋಕ್ಸೋ ನಿಯಮಗಳ ಪ್ರಕಾರ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಮಕ್ಕಳ ಕಲ್ಯಾಣ ಸಮಿತಿ ಒಬ್ಬ ಸಪೋರ್ಟ್ ಪರ್ಸನ್, ಅಂದರೆ ಬೆಂಬಲ ವ್ಯಕ್ತಿಯನ್ನು ಒದಗಿಸಬಹುದು. ಕಾಸಾದವರಂತೆ ಇವರು 'ಮಗು ಎಲ್ಲಿರಬೇಕು' ಅಂತ ನ್ಯಾಯಾಧೀಶರಿಗೆ ಶಿಫಾರಸು ಮಾಡಲ್ಲ. ತನಿಖೆ, ವಿಚಾರಣೆ ಉದ್ದಕ್ಕೂ ಮಗುವಿನ ಜೊತೆಗಿರೋದು ಅವರ ಕೆಲಸ. ಎಲ್ಲರೂ ಸ್ವಯಂಸೇವಕರೂ ಅಲ್ಲ, ಸಂಭಾವನೆಗೆ ನಿಯಮದಲ್ಲಿ ಅವಕಾಶ ಇದೆ. 2023ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಬೆಂಬಲ ವ್ಯಕ್ತಿಯ ಅಗತ್ಯವನ್ನು ಪೋಷಕರ ವಿವೇಚನೆಗೆ ಬಿಡಬಾರದು ಅಂತ ಹೇಳಿತು.

ಹಾಗಾದರೆ ಏನನ್ನು ಅಳೆಯಬಹುದು? ಕಾನೂನೇ ಅಳತೆಗೋಲು ಕೊಟ್ಟಿದೆ.

- ವಿಶೇಷ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು ಅಂತ ಪೋಕ್ಸೋ ಕಾಯ್ದೆಯ 35ನೇ ಸೆಕ್ಷನ್ ಹೇಳುತ್ತೆ. ನಿಜಕ್ಕೂ ಎಷ್ಟು ದಿನ ಹಿಡಿಯಿತು?
- ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ಮುಗಿಯಬೇಕು. ಮುಗಿಯಿತಾ?
- ಮಧ್ಯಂತರ ಪರಿಹಾರಕ್ಕೆ ಅರ್ಜಿ ಹಾಕಿದರಾ? ಹಣ ಮಗುವಿನ ಖಾತೆಗೆ ಬಂತಾ?
- ದೂರು ದಾಖಲಾದ ಎಷ್ಟು ದಿನಕ್ಕೆ ಬೆಂಬಲ ವ್ಯಕ್ತಿ ಸಿಕ್ಕರು? ಕೊನೆವರೆಗೂ ಅವರೇ ಇದ್ದರಾ, ನಡುವೆ ಬದಲಾದರಾ?
- ಮಗು ಶಾಲೆಗೆ ಮರಳಿತಾ?

ಬೆಂಬಲ ವ್ಯಕ್ತಿ ಇದ್ದ ಮತ್ತು ಇಲ್ಲದ ಪ್ರಕರಣಗಳಲ್ಲಿ ಈ ಉತ್ತರಗಳನ್ನು ಪಕ್ಕಪಕ್ಕ ಇಡಬೇಕು. ಜಾತಿ, ಲಿಂಗ, ಅಂಗವೈಕಲ್ಯ, ತಾಲ್ಲೂಕು ಅಂತ ಬಿಡಿಸಿಯೂ ನೋಡಬೇಕು. ಹೊಸದಾಗಿ ಜಾರಿ ಮಾಡುವಾಗ ಎಲ್ಲ ಜಿಲ್ಲೆಗೂ ಒಟ್ಟಿಗೆ ಕೊಡಲು ಜನ ಇಲ್ಲದಿದ್ದರೆ, ಯಾವ ಜಿಲ್ಲೆ ಮೊದಲು ಅನ್ನೋದನ್ನು ಚೀಟಿ ಎತ್ತಿ ತೀರ್ಮಾನಿಸಿದರೂ ಆಯಿತು, ಪ್ರಾಮಾಣಿಕ ಹೋಲಿಕೆ ಸಿಗುತ್ತೆ.

ಎರಡು ಎಚ್ಚರಿಕೆ

ಒಂದು, ಅಳತೆಯೇ ಗುರಿಯಾದರೆ ಅಳತೆ ಕೆಡುತ್ತೆ. 'ಬೇಗ ಮುಗಿದ ಪ್ರಕರಣ' ಅನ್ನೋದಕ್ಕೆ ಅಂಕ ಕೊಟ್ಟರೆ ರಾಜಿ ಮಾಡಿಸಿ ಮುಗಿಸುವವರು ಹುಟ್ಟಿಕೊಳ್ತಾರೆ. ಹಾಗಾಗಿ ಒಂದೇ ಅಂಕಿಯ ಮೇಲೆ ಎಲ್ಲವನ್ನೂ ನಿಲ್ಲಿಸಬಾರದು.

ಎರಡು, ಗೌಪ್ಯತೆ. ಪೋಕ್ಸೋ ಅಡಿ ಮಗುವಿನ ಗುರುತು ಬಹಿರಂಗಪಡಿಸುವುದು ಅಪರಾಧ. ಹೆಸರು ತೆಗೆದರೆ ಸಾಲದು. ಸಣ್ಣ ತಾಲ್ಲೂಕಿನಲ್ಲಿ ವಯಸ್ಸು ಮತ್ತು ಶಾಲೆ ಹೇಳಿದರೇ ಇಡೀ ಊರಿಗೆ ಗೊತ್ತಾಗುತ್ತೆ. ಮಗುವನ್ನು ಮತ್ತೆ ಮತ್ತೆ ಕೂರಿಸಿ 'ಏನಾಯ್ತು ಹೇಳು' ಅಂತ ಕೇಳುವ ಸಮೀಕ್ಷೆಯೂ ಬೇಡ. ಮೇಲಿನ ಪಟ್ಟಿಯ ಹೆಚ್ಚಿನ ಉತ್ತರ ಕಡತದಲ್ಲೇ ಸಿಗುತ್ತೆ.

ಹೋಗುವ ಮುಂಚೆ ಕೇಳಿ

ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಯಾವುದಾದರೂ ಸಂಸ್ಥೆಗೆ ಸ್ವಯಂಸೇವಕರಾಗಿ ಹೋಗ್ತೀರಿ, ಹೋಗಬೇಕು ಕೂಡ. ಸೇರುವ ದಿನವೇ ಮೂರು ಪ್ರಶ್ನೆ ಕೇಳಿ: ಕಳೆದ ವರ್ಷದ ಮಕ್ಕಳಿಗೆ ಏನಾಯಿತು ಅಂತ ನಿಮಗೆ ಗೊತ್ತಾ? ನೀವು ಇಲ್ಲದೇ ಇದ್ದಿದ್ದರೆ ಏನಾಗ್ತಿತ್ತು ಅಂತ ಹೇಗೆ ತಿಳ್ಕೊಂಡ್ರಿ? ನಿಮ್ಮ ಕೆಲಸದಿಂದ ತೊಂದರೆಯಾದ ಕುಟುಂಬ ಇದ್ದರೆ ಅವರ ಮಾತು ಯಾರ ಕಿವಿಗೆ ಬೀಳುತ್ತೆ?

ಉತ್ತರ ಸರಿಯಾಗಿ ಸಿಗದಿದ್ದರೂ ಸೇರಿಕೊಳ್ಳಿ. ಆದರೆ ಎಕ್ಸೆಲ್ ಶೀಟ್‌ನಲ್ಲಿ ಆ ಕಾಲಂ ಇಲ್ಲದಿದ್ದರೆ ನೀವೇ ಒಂದನ್ನು ಸೇರಿಸಿ. ನಾನು ಆವತ್ತು ಸೇರಿಸಲಿಲ್ಲ. ಆ ಮಕ್ಕಳಿಗೆ ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.