ಮಹಾವೀರಾಚಾರ್ಯನ ‘ಇಷ್ಟ’ವೂ ಬಗೆಹರಿಯದ ಒಂದು ಲೆಕ್ಕವೂ

ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ನಾಡು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣದೆಂಬದು ವಿದ್ವಾಂಸರಿಗೆ ವಿದಿತವೇ ಇದೆ. ಈಗಿನ ರೋಣ, ನರಗುಂದಗಳು ಈ ಎಲ್ಲೆಯೊಳಗೆ ಬರುವವು. ಗಜೇಂದ್ರಗಡವು ಅದರ ಮೂಡಣ ಅಂಚಿನಲ್ಲಿರುವದು. ಶಾಸನಗಳಲ್ಲಿ ಇಲ್ಲಿಯ ನಾಡುಗಳ ಹೆಸರಿಗೇ ಸಂಖ್ಯೆಗಳು ಅಂಟಿಕೊಂಡಿವೆ: ಬೆಳ್ವೊಲ ೩೦೦, ಸೂಡಿಯು ರಾಜಧಾನಿಯಾಗಿದ್ದ ಕಿಸುಕಾಡು ೭೦. ಈ ಸಂಖ್ಯೆಗಳು ಊರುಗಳವೋ ಮತ್ತಾವುದರವೋ ಎಂಬ ವಾದವು ಇನ್ನೂ ತೀರಿಲ್ಲ. ಆದರೆ ಇಲ್ಲಿ ವಿಚಾರಿಸತಕ್ಕ ಲೆಕ್ಕವು ಬೇರೆ. ಕವಿರಾಜಮಾರ್ಗವು ಹುಟ್ಟಿದ ನೃಪತುಂಗನ ಆಳಿಕೆಯಲ್ಲಿಯೇ, ಸುಮಾರು ೮೫೦ರಲ್ಲಿ, ರಚಿತವಾದ ಗಣಿತಸಾರಸಂಗ್ರಹದ ಒಂದು ಸೂತ್ರದ ಮುಂದಣ ಹೆಜ್ಜೆಯಲ್ಲಿ ಅದು ನಿಂತಿರುವದು.

ಮಹಾವೀರಾಚಾರ್ಯನನ್ನು ಈ ಮೂರು ಊರುಗಳ ಪೈಕಿ ಒಂದಕ್ಕೆ ಸೇರಿಸಲು ಆಧಾರವಿಲ್ಲ. ಅಂಥ ಅಭಿಮಾನದಿಂದ ಇತಿಹಾಸಕ್ಕೆ ಲಾಭವೂ ಇಲ್ಲ. ಆದರೆ ಅವನ ಗ್ರಂಥವು ಜೈನ ವಿದ್ಯಾಪರಂಪರೆಯದು. ಆ ಪರಂಪರೆಗೆ ಈ ಸೀಮೆಯಲ್ಲಿದ್ದ ಆಶ್ರಯಕ್ಕೆ, ಗಂಗ ಬೂತುಗನ ಅರಸಿ ಪದ್ಮಬ್ಬರಸಿಯು ೯೫೦ರಲ್ಲಿ ನರೇಗಲ್ಲಿನಲ್ಲಿ ಕಟ್ಟಿಸಿದ ಬಸದಿಯೇ ಸಾಕ್ಷಿ.

ಗ್ರಂಥದ ಕಲಾಸವರ್ಣ ಪ್ರಕರಣವು ಭಿನ್ನರಾಶಿಗಳದು. ಅಂಶವು ೧ ಇರುವ ರಾಶಿಗಳನ್ನು ಕೂಡಿಸಿ ಬೇಕಾದ ಭಿನ್ನವನ್ನು ಪಡೆಯುವ ಬಗೆಗಳನ್ನು ಅಲ್ಲಿ ಹೇಳಿದೆ. ೧ = ೧/೨ + ೧/೩ + ೧/೯ + ೧/೧೮ ಎಂಬದು ಅದರ ಒಂದು ಸೂತ್ರದಿಂದ ಬರುವ ಫಲ. ಇನ್ನೊಂದು ಸೂತ್ರವು ಯಾವ ಭಿನ್ನಕ್ಕಾದರೂ ಸಲ್ಲುವದು: ಛೇದಕ್ಕೆ ‘ಇಷ್ಟ’ವಾದ ಒಂದು ಸಂಖ್ಯೆಯನ್ನು, ಅಂಶದಿಂದ ನಿಶ್ಶೇಷವಾಗಿ ಭಾಗಹೋಗುವಂತೆ, ಕೂಡಿಸಬೇಕು; ಬಂದ ಭಾಗಲಬ್ಧವೇ ಮೊದಲನೆಯ ಛೇದ. ಇಷ್ಟವನ್ನು ಆ ಲಬ್ಧದಿಂದಲೂ ಮೂಲಛೇದದಿಂದಲೂ ಭಾಗಿಸಿದರೆ ಉಳಿದ ಭಿನ್ನವು ದೊರೆಯುವದು. ಅದಕ್ಕೂ ಇದೇ ಕ್ರಮ. ಇಷ್ಟವನ್ನು ಆದಷ್ಟು ಸಣ್ಣದಾಗಿ ಹಿಡಿದರೆ ಅಂಶವು ಪ್ರತಿ ಸಲವೂ ಕುಗ್ಗುವದು. ಆದಕಾರಣ ಅಂಶವು ೪ ಇದ್ದರೆ ನಾಲ್ಕು ರಾಶಿಗಳೊಳಗೆ ಲೆಕ್ಕವು ಮುಗಿದೇ ತೀರುವದು.

ನಾಲ್ಕರ ಬದಲು ಮೂರೇ ಸಾಲವೇ? ೨ಕ್ಕೆ ಕಡಿಮೆಯಿಲ್ಲದ ಯಾವ ಛೇದವಿದ್ದರೂ ಸಾಕೆಂದು ೧೯೪೮ರಲ್ಲಿ ಪಾಲ್ ಎರ್ಡಿಶ್, ಅರ್ನ್‌ಸ್ಟ್ ಸ್ಟ್ರೌಸ್ ಎಂಬ ಗಣಿತಜ್ಞರು ಊಹಿಸಿದರು. ಶಾಲೆಯ ಹುಡುಗನಿಗೂ ತಿಳಿಯುವ ಈ ಮಾತಿಗೆ ಇದುವರೆಗೆ ಸಾಧನೆ ದೊರೆತಿಲ್ಲ.

೪/೧೭ನ್ನು ನೋಡಬಹುದು. ಮೊದಲು ಇಷ್ಟವು ೩. ೨೦ನ್ನು ೪ರಿಂದ ಭಾಗಿಸಲು ೫. ಉಳಿದದ್ದು ೩/೮೫. ಇಲ್ಲಿ ಅತ್ಯಲ್ಪವಾದ ಇಷ್ಟವು ೨. ಅದನ್ನು ಹಿಡಿದರೆ ೧/೨೯ ಬಂದು ೨/೨೪೬೫ ಉಳಿಯುವದು. ಕಡೆಗೆ ನಾಲ್ಕು ರಾಶಿಗಳೇ ಆಗುವವು, ಕೊನೆಯ ಛೇದವಂತೂ ೩೦,೩೯,೩೪೫! ಇಷ್ಟವನ್ನು ೫ ಎಂದು ಹಿಡಿದರೆ ೯೦ನ್ನು ೩ರಿಂದ ಭಾಗಿಸಿ ೩೦, ಉಳಿಯುವದು ೧/೫೧೦. ಹೀಗೆ ೪/೧೭ = ೧/೫ + ೧/೩೦ + ೧/೫೧೦, ಮೂರೇ.

ಸೂತ್ರಕಾರನು ‘ಇಷ್ಟ’ವೆಂದು ಗಣಕನ ಇಚ್ಛೆಗೆ ಬಿಟ್ಟ ಆ ಒಂದು ಪದದಲ್ಲಿಯೇ ತೊಡಕೆಲ್ಲ ಅಡಗಿರುವದು. ಯಾವ ಇಷ್ಟವು ಮೂರಕ್ಕೆ ಮುಟ್ಟಿಸುವದೆಂದು ಅವನು ಕೇಳಲಿಲ್ಲ. ಕೇಳಿದನೆಂದು ಹೇಳುವದು ಗ್ರಂಥಕ್ಕೆ ಅಪಚಾರ. ಛೇದವನ್ನು ೨೪ರಿಂದ ಭಾಗಿಸಿದಾಗ ಶೇಷವು ೧ ಅಲ್ಲದಿದ್ದರೆ ಊಹೆಯು ಸಿದ್ಧವಾಗಿದೆ. ೭೩, ೯೭ ಮೊದಲಾದ ಶೇಷ ೧ರ ಅವಿಭಾಜ್ಯಗಳಿಗೆಲ್ಲ ಒಂದೇ ಯುಕ್ತಿಯು ಸಿಕ್ಕಿಲ್ಲ. ೨೦೧೪ರ ಹೊತ್ತಿಗೆ ೧ರ ಮುಂದೆ ೧೭ ಸೊನ್ನೆಗಳ ಸಂಖ್ಯೆಯವರೆಗೆ ಯಂತ್ರಗಣನೆಯಿಂದ ಪರೀಕ್ಷಿಸಿದ್ದಾಯಿತು. ಮೂರು ಸಾಲದ ಛೇದವು ಒಂದೂ ಕಂಡುಬರಲಿಲ್ಲ.