ಕ್ಯಾನೋಲಾದ ಹಸಿರು ಬೀಜ: ಹೊಲದ ತೇವ, ಕಣಜದ ಲೆಕ್ಕ

ಸಾಸಿವೆಯ ಬಳಗಕ್ಕೆ ಸೇರಿದ ಕ್ಯಾನೋಲಾ ಕೆನಡಾದ ಆಲ್ಬರ್ಟಾ, ಸಸ್ಕಾಚೆವಾನ್, ಮ್ಯಾನಿಟೋಬಾ ಪ್ರಾಂತ್ಯಗಳ ಮುಖ್ಯ ಎಣ್ಣೆಕಾಳು. ಎರೂಸಿಕ್ ಆಮ್ಲ ಮತ್ತು ಗ್ಲುಕೋಸಿನೋಲೇಟ್ ಎರಡನ್ನೂ ತಗ್ಗಿಸಿದ ಮೊದಲ ತಳಿ ‘ಟವರ್’ 1974ರಲ್ಲಿ ಬಂದಿತು. ಅದರ ಹಿಂದೆ ಬಾಲ್ಡರ್ ಸ್ಟೆಫಾನ್ಸನ್ ಅವರ ದುಡಿಮೆಯಿದೆ. ತಳಿವಿಜ್ಞಾನ ಎಣ್ಣೆಯ ದೋಷಗಳನ್ನು ನೀಗಿಸಿತಾದರೂ, ಮಾಗುವ ಹೊತ್ತಿನಲ್ಲಿ ಬೀಜದೊಳಗೆ ಉಳಿದುಬಿಡುವ ಹಸಿರನ್ನು ಪೂರ್ತಿ ಗೆಲ್ಲಲಾಗಿಲ್ಲ. ಒಕ್ಕಣೆಯಾದ ಮೇಲೆ ಈ ಹಸಿರಿಗೆ ಏನು ಮಾಡಬೇಕೆಂದು ರೈತರು ಕೇಳುತ್ತಾರೆ. ಹಸಿರು ಕರಗುವ ಕಾಲ ಒಕ್ಕಣೆಗೆ ಮೊದಲೇ ಮುಗಿದಿರುತ್ತದೆ, ಆಮೇಲೆ ಉಳಿಯುವುದು ಕಾಪಾಡುವ ಮತ್ತು ಬೆರೆಸುವ ಕೆಲಸ ಮಾತ್ರ ಎಂಬುದು ಈ ಲೇಖನದ ವಾದ. ಬೆರೆಸುವ ಲೆಕ್ಕವೂ ನಾವು ನಂಬಿದಷ್ಟು ಗಟ್ಟಿಯಲ್ಲ.

ಎಳೆಯ ಬೀಜದ ಬೀಜದಳಗಳಲ್ಲಿ ಪತ್ರಹರಿತ್ತು ತುಂಬಿರುತ್ತದೆ. ಮಾಗುವಾಗ ಕಿಣ್ವಗಳು ಅದನ್ನು ಹಂತಹಂತವಾಗಿ ಕಳಚುತ್ತವೆ: ಮೊದಲು ಅಣುವಿನ ನಡುವಿನ ಮೆಗ್ನೀಸಿಯಂ ಹೊರಬೀಳುತ್ತದೆ, ಬಾಲ ಕಡಿದುಹೋಗುತ್ತದೆ, ಕೊನೆಗೆ ಉಂಗುರ ಒಡೆದು ಬಣ್ಣ ಮಾಯವಾಗುತ್ತದೆ. ಈ ಕೆಲಸದ ಒಂದು ಮುಖ್ಯ ಜೀನ್‌ಗೆ ದೊಡ್ಡ ಚರಿತ್ರೆಯಿದೆ. 1866ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ ಮೆಂಡೆಲ್ ಬಟಾಣಿಯ ಹಳದಿ ಮತ್ತು ಹಸಿರು ಬೀಜಗಳನ್ನು ಹೋಲಿಸಿದ್ದರು. ಆ ಗುಣದ ಹಿಂದಿರುವುದು ಪತ್ರಹರಿತ್ತಿನ ಕಳಚುವಿಕೆಯನ್ನು ನಡೆಸುವ ಜೀನ್ ಎಂದು 2007ರಲ್ಲಿ ಗೊತ್ತಾಯಿತು. ಎಬಿಐ3 ಎಂಬ ನಿಯಂತ್ರಕ ಪ್ರೋಟೀನು ಅದೇ ಗುಂಪಿನ ಜೀನ್‌ಗಳ ಮೂಲಕ ಭ್ರೂಣದ ಹಸಿರನ್ನು ಕಳೆಯುತ್ತದೆಂದೂ, ಅದನ್ನು ಹೆಚ್ಚಿಸಿದ ಅರಾಬಿಡಾಪ್ಸಿಸ್ ಗಿಡಗಳಲ್ಲಿ ಚಳಿಯ ಪೆಟ್ಟು ಬಿದ್ದರೂ ಬೀಜ ಹಸಿರಾಗಿ ಉಳಿಯುವುದಿಲ್ಲವೆಂದೂ 2013ರಲ್ಲಿ ತೋರಿಸಲಾಯಿತು. ಇಂಥ ಗುಣ ಹೊಲದ ಕ್ಯಾನೋಲಾಕ್ಕೆ ಬರುವ ದಿನಕ್ಕಾಗಿ ನಾನು ಆಸೆಯಿಂದ ಕಾಯುತ್ತಿದ್ದೇನೆ.

ಕಿಣ್ವ ಕೆಲಸ ಮಾಡಲು ಬೀಜದಲ್ಲಿ ನೀರಿರಬೇಕು. ಇಡೀ ಸಮಸ್ಯೆಯ ಕೀಲಿ ಇಲ್ಲಿದೆ. ಬೇಗ ಕೊಯ್ದು ಸಾಲುಹಾಕಿದ ಬೆಳೆ ಬಿಸಿಗಾಳಿಗೆ ಸರಸರನೆ ಒಣಗಿದರೆ, ಹಸಿರು ಕಳೆಯುವ ಮೊದಲೇ ನೀರು ಹೋಗಿ ಬಣ್ಣ ಒಳಗೇ ಸಿಕ್ಕಿಕೊಳ್ಳುತ್ತದೆ. ಮಂಜುಗಟ್ಟುವ ಚಳಿಯೂ ಇದನ್ನೇ ಮಾಡುತ್ತದೆ, ಜೊತೆಗೆ ಕಿಣ್ವಗಳ ವ್ಯವಸ್ಥೆಯನ್ನೂ ಕೆಡಿಸುತ್ತದೆ. 2004ರ ಆಗಸ್ಟ್ 20ರ ಸುಮಾರಿಗೆ ಪ್ರೇರಿ ಬಯಲಿನ ಮೇಲೆ ಎರಗಿದ ಚಳಿ ಇನ್ನೂ ಮಾಗದ ಬೆಳೆಯನ್ನು ಹಿಡಿದದ್ದರಿಂದ ಆ ವರ್ಷದ ಫಸಲಿನಲ್ಲಿ ಪತ್ರಹರಿತ್ತು ಹೆಚ್ಚಿತ್ತು.

ಆದ್ದರಿಂದ ಮೊದಲ ಮದ್ದು ಕೊಯ್ಲಿನ ದಿನವನ್ನು ಸರಿಯಾಗಿ ಆರಿಸುವುದು. ಮುಖ್ಯ ಕಾಂಡದ ಬೀಜಗಳಲ್ಲಿ ಸುಮಾರು 60% ಬಣ್ಣ ತಿರುಗುವವರೆಗೆ ಕಾಯಬೇಕೆಂಬುದು ಈಗಿನ ಸಲಹೆ. ಹಿಂದೆ 30–40% ಆದಾಗಲೇ ಕೊಯ್ಯುವ ರೂಢಿಯಿತ್ತು. 60%ದ ಹಂತದಲ್ಲಿ ಬುಡದ ಕಾಯಿಗಳ ಬೀಜ ಕಂದಾಗಿರುತ್ತದೆ, ತುದಿಯ ಬೀಜ ಹಸಿರಿದ್ದರೂ ಬೆರಳುಗಳ ನಡುವೆ ಹೊರಳಿಸಿದರೆ ನುಜ್ಜಾಗುವುದಿಲ್ಲ. ಹೊಲ ಒಂದೇ ಸಮನೆ ಮಾಗದಿದ್ದರೆ ಈ ಅಳತೆಯೂ ಕೈಕೊಡುತ್ತದೆ. ಸಸಿಗಳು ವಿರಳವಾಗಿ ಎದ್ದ ಕಡೆ ಗಿಡ ಕವಲೊಡೆದು ಹೂಬಿಡುವ ಕಾಲ ಉದ್ದವಾಗುತ್ತದೆ, ಒಂದೇ ಗಿಡದಲ್ಲಿ ಹಣ್ಣಾದ ಕಾಯಿಯೂ ಎಳೆಗಾಯಿಯೂ ಇರುತ್ತವೆ. ಹಾಗಾಗಿ ಹಸಿರು ಬೀಜದ ಬೇರನ್ನು ಬಿತ್ತನೆಯಲ್ಲೂ ಹುಡುಕಬೇಕು. ಕೊಯ್ದ ಸಾಲು ಇನ್ನೂ ಹೊಲದಲ್ಲಿದ್ದರೆ ಒಂದು ಅವಕಾಶ ಉಳಿದಿರುತ್ತದೆ: ಮಳೆ ಇಲ್ಲವೆ ದಟ್ಟ ಇಬ್ಬನಿಯಿಂದ ಬೀಜ ಮತ್ತೆ ತೇವಗೊಂಡರೆ ಹಸಿರು ಕೊಂಚ ಇಳಿಯಬಹುದು. ಕಾಯಿ ಸಿಡಿದು ಬೀಜ ಉದುರುವ ಭಯವನ್ನು ಇದಕ್ಕೆ ಎದುರಾಗಿ ತೂಗಿನೋಡಬೇಕು.

ಕಣಜ ಸೇರಿದ ಮೇಲೆ ಬಣ್ಣ ಇಳಿಯುತ್ತದೆಂಬ ನಿರೀಕ್ಷೆಗೆ ಆಧಾರವಿಲ್ಲ. ಬಿಸಿಗಾಳಿಯಲ್ಲಿ ಒಣಗಿಸಿದರೂ ಹಸಿರು ಹೋಗದು. ಬಣ್ಣ ನೋಡಿ ಆರಿಸುವುದೂ ಆಗದ ಮಾತು: ಕಪ್ಪು, ಕಂದು ಸಿಪ್ಪೆಯೊಳಗೆ ಹಸಿರು ಅಡಗಿರುತ್ತದೆ. ಇನ್ನೊಂದು ಅಪಾಯ ಹೆಚ್ಚು ಗಂಭೀರವಾದದ್ದು. ಬಲಿಯದ ಬೀಜದ ಉಸಿರಾಟ ಜೋರು, ರಾಶಿ ಕಾವೇರುತ್ತದೆ. ಕೆನಡಾದ ವರ್ಗೀಕರಣ 10%ವರೆಗಿನ ತೇವಾಂಶವನ್ನು ‘ಒಣ’ ಎಂದು ಒಪ್ಪುತ್ತದೆ, ಆದರೆ ಬಹುಕಾಲ ಇಡಲು 8% ತೇವಾಂಶ, 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ರಾಶಿ ಬೇಕು. ಹಸಿರು ಹೆಚ್ಚಿರುವ ರಾಶಿಗೆ ಕೂಡಲೇ ಗಾಳಿಯಾಡಿಸಿ, ಮೊದಲ ಆರು ವಾರ ಅದರ ಮೇಲೆ ಕಣ್ಣಿಡಬೇಕು.

ಗಿರಣಿಗೆ ಹಸಿರು ಬೇಡವಾಗುವುದಕ್ಕೆ ಕಾರಣ ಎಣ್ಣೆಯಲ್ಲಿದೆ. ಪತ್ರಹರಿತ್ತು ಎಣ್ಣೆಯ ಜೊತೆ ಹೊರಬಂದು, ಬೆಳಕನ್ನು ಹೀರಿ ಆಮ್ಲಜನಕವನ್ನು ಚುರುಕುಗೊಳಿಸುತ್ತದೆ, ಎಣ್ಣೆ ಬೇಗ ಕಮಟುತ್ತದೆ. ಅದನ್ನು ತೆಗೆಯಲು ಆಮ್ಲದಿಂದ ಹದಗೊಳಿಸಿದ ಜೇಡಿಮಣ್ಣು ಬೇಕು. ಆ ಮಣ್ಣು ಎಸೆಯುವಾಗ ತನ್ನೊಡನೆ ಎಣ್ಣೆಯನ್ನೂ ಒಯ್ಯುತ್ತದೆ.

ಈ ಖರ್ಚೇ ದರ್ಜೆಯಾಗಿ ರೈತನ ಮೇಲೆ ಬೀಳುತ್ತದೆ. ಕೆನಡಾ ಧಾನ್ಯ ಆಯೋಗದ ಪ್ರಕಾರ ಸ್ಪಷ್ಟ ಹಸಿರು ಬೀಜ ಮೊದಲ ದರ್ಜೆಯಲ್ಲಿ 2%, ಎರಡನೆಯದರಲ್ಲಿ 6%, ಮೂರನೆಯದರಲ್ಲಿ 20% ಮೀರುವಂತಿಲ್ಲ. ಅಳೆಯುವ ವಿಧಾನ ಸರಳ: ಅಂಟುಪಟ್ಟಿಯ ಮೇಲೆ ನೂರು ನೂರರಂತೆ 500 ಬೀಜ ಹಿಡಿದು, ಉರುಳೆಯಿಂದ ಜಜ್ಜಿ, ಕಣ್ಣಿಗೆ ಕಂಡ ಹಸಿರನ್ನು ಎಣಿಸುವುದು. ತಿಳಿಹಸಿರು ಲೆಕ್ಕಕ್ಕಿಲ್ಲ. 500 ಬೀಜದ ತೂಕ ಸುಮಾರು ಎರಡು ಗ್ರಾಂ, ಲಾರಿಯಲ್ಲಿರುವುದು ಹತ್ತಾರು ಟನ್.

ಇಲ್ಲಿ ಸಂಖ್ಯಾಶಾಸ್ತ್ರದ ಮಾತು ಕೇಳಲೇಬೇಕು. ರಾಶಿ ಚೆನ್ನಾಗಿ ಬೆರೆತಿದ್ದು ಅದರ ನಿಜವಾದ ಹಸಿರು 2% ಎನ್ನೋಣ. 500 ಬೀಜದಲ್ಲಿ ನಿರೀಕ್ಷೆ 10, ವಿಚಲನ ಸುಮಾರು 3. ಆದ್ದರಿಂದ ಒಂದೇ ರಾಶಿ ನಾಲ್ಕು ಹಸಿರು ಬೀಜವನ್ನೂ ತೋರಬಹುದು, ಹದಿನಾರನ್ನೂ ತೋರಬಹುದು. ನಿಜಕ್ಕೂ 1.5% ಇರುವ ರಾಶಿ ಸುಮಾರು ಏಳರಲ್ಲಿ ಒಂದು ಸಲ ಮೊದಲ ದರ್ಜೆ ಕಳೆದುಕೊಳ್ಳುತ್ತದೆ. 3% ಇರುವುದು ಸುಮಾರು ಒಂಬತ್ತರಲ್ಲಿ ಒಂದು ಸಲ ಅದನ್ನು ಗಿಟ್ಟಿಸಿಕೊಳ್ಳುತ್ತದೆ. ಪರೀಕ್ಷಕರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಇಷ್ಟು ಚಿಕ್ಕ ಮಾದರಿಯಿಂದ ಇದಕ್ಕಿಂತ ಖಚಿತ ಉತ್ತರ ಬರದು.

ಬೆರೆಸುವವರಿಗೆ ಇದರ ಅರ್ಥ ನೇರವಾದದ್ದು. 4% ಹಸಿರಿನ ಒಂದು ಭಾಗಕ್ಕೆ 1%ದ ಎರಡು ಭಾಗ ಸೇರಿಸಿದರೆ ಕಾಗದದ ಮೇಲೆ 2% ಬರುತ್ತದೆ, ಆದರೆ ಆ ಲಾರಿ ಗೆಲ್ಲುವುದೂ ಸೋಲುವುದೂ ಹೆಚ್ಚುಕಡಿಮೆ ಸರಿಸಮ. 1.5%ಕ್ಕೆ ಗುರಿಯಿಟ್ಟರೆ ಒಂದು ಭಾಗಕ್ಕೆ ಐದು ಭಾಗ ಬೇಕು. ಅಷ್ಟು ಒಳ್ಳೆಯ ಕಾಳು ಇಲ್ಲದವರು ಇಡೀ ಫಸಲನ್ನು ಕೆಡಿಸಿಕೊಳ್ಳುವ ಬದಲು ಹಸಿರು ರಾಶಿಯನ್ನು ಬೇರೆ ಇಟ್ಟು ಎರಡನೆಯ ದರ್ಜೆಯಲ್ಲೇ ಮಾರುವುದು ಮೇಲು. ಬೆರೆಸುವ ಮೊದಲು ಎರಡೂ ರಾಶಿ ಒಣಗಿರಬೇಕು. ಒಕ್ಕಣೆಯ ಪ್ರತಿ ಲೋಡು ಕಣಜಕ್ಕೆ ಬೀಳುವಾಗಲೇ ಮಾದರಿ ತೆಗೆದು, ಎರಡು ಸಾವಿರ ಬೀಜ ಜಜ್ಜಿ ನೋಡಿದರೆ ತಪ್ಪಿನ ಅಂತರ ಅರ್ಧಕ್ಕಿಳಿಯುತ್ತದೆ. ಆ ಮಾದರಿಯನ್ನು ರೈತ ಜೋಪಾನವಾಗಿ ಇಟ್ಟುಕೊಳ್ಳಬೇಕು. ಪರವಾನಗಿ ಪಡೆದ ಖರೀದಿ ಕಣಜದಲ್ಲಿ ದರ್ಜೆಯ ಬಗ್ಗೆ ಒಪ್ಪಿಗೆಯಾಗದಿದ್ದರೆ, ಅಲ್ಲಿ ಇಬ್ಬರೂ ಒಪ್ಪಿ ತೆಗೆದ ಮಾದರಿಯನ್ನು ಆಯೋಗಕ್ಕೆ ಕಳಿಸಿ ತೀರ್ಪು ಕೇಳುವ ಹಕ್ಕು ಅವನಿಗಿದೆ. ಕೇಳಬೇಕೋ ಬೇಡವೋ ಎಂದು ನಿರ್ಧರಿಸಲು ಮನೆಯ ಎಣಿಕೆ ಬೇಕಾಗುತ್ತದೆ.